ನಲವತ್ತೊಂದು ಖಣಗಳ ಆ್ಯಪ್

ಸುಳ್ಳು ಹೇಳಬೇಕೆಂಬ ಉದ್ದೇಶ ನನಗಿರಲಿಲ್ಲ. ಅದು ದ್ರೌಪದಿಯ ಸೊಸೆಯ ತಪ್ಪು.

ದ್ರೌಪದಿ ಆಳಂದದಲ್ಲಿ ನಮ್ಮ ಪಕ್ಕದ ಮನೆಯವಳು. ಅವಳ ಮನೆಗೆ ಸೋಲಾಪುರದಿಂದ ಬಂದ ಹೊಸ ಸೊಸೆ ಫೋನಿನಲ್ಲೇ ಆರ್ಡರು ಹಿಡಿದು ಕೇಕು ಮಾಡಿ ಮಾರುತ್ತಿದ್ದಳು. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತಿದ್ದ ನಮ್ಮನ್ನೆಲ್ಲ ಆ ಹುಡುಗಿ, "ನೀವೇನು ಮಾಡ್ತೀರಿ ಆಂಟಿ?" ಎಂದು ಒಬ್ಬೊಬ್ಬರನ್ನಾಗಿ ಕೇಳುತ್ತ ಬಂದಳು. ಒಬ್ಬಳು ಅಂಗನವಾಡಿ ಅಂದಳು. ಒಬ್ಬಳು ಹೊಲಿಗೆ ಅಂದಳು. ಅಜೀಜಾಬಿ, ಶಾವಿಗೆ-ಹಪ್ಪಳ ಅಂದಳು. ನನ್ನ ಸರದಿ ಬಂತು. ಇಪ್ಪತ್ತಮೂರು ವರ್ಷದಿಂದ ನಾನು ದಿನಾ ಬೆಳಗಿನಿಂದ ಸಂಜೆಯವರೆಗೆ ಮಾಡುವ ಕೆಲಸಗಳಿಗೆ ಒಂದೇ ಶಬ್ದದ ಹೆಸರಿಲ್ಲ ಎಂಬುದು ಆಗ ಗೊತ್ತಾಯಿತು.

"ನಾ ಒಂದು ಆ್ಯಪ್ ಮಾಡಾಕತ್ತೇನಿ," ಅಂದೆ.

ದ್ರೌಪದಿ ಬಿಡಿಸುತ್ತಿದ್ದ ತೊಗರಿಕಾಯಿಯನ್ನು ಅರ್ಧಕ್ಕೇ ಬಿಟ್ಟಳು.

"ಎಂಥಾ ಆ್ಯಪ್ ಬೇ?"

"ಉಡುಗೊರಿ ಕಳಿಸೂದು. ಯಾರಿಗಿ ಏನು ಒಪ್ಪತದೋ, ಅವರ ಸಲುವಾಗೇ ಅಂತ ಆರಿಸಿ ಕಳಿಸೂದು."

ಇದು ಪೂರಾ ಸುಳ್ಳಲ್ಲ. ಹಿಂದಿನ ದಿನವಷ್ಟೇ ನನ್ನ ಗಂಡನ ಅಕ್ಕ ಮಲ್ಕಮ್ಮನ ಮಗಳು ಸಪ್ನಾ ಫೋನು ಮಾಡಿದ್ದಳು. ಅವಳು ಕಲಬುರಗಿಯಲ್ಲಿ ಕಂಪ್ಯೂಟರು ಓದುತ್ತಾಳೆ. ಕೊನೆಯ ವರ್ಷಕ್ಕೆ ಅಂಥದೊಂದು ಆ್ಯಪ್ ಮಾಡಿ ತೋರಿಸಬೇಕಾಗಿದೆ ಎಂದಿದ್ದಳು. ನಾನು "ಮಾಡವ್ವ, ಛಲೋ ಆಗ್ತದ" ಎಂದಿದ್ದೆ. ಆ ಒಂದು ಮಾತಿನಿಂದ ನನಗೂ ಆ್ಯಪಿಗೂ ಸಂಬಂಧ ಹುಟ್ಟಿತ್ತು. ಉಳಿದದ್ದು ಹಿಗ್ಗಿಸಿದ್ದು.

ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ನನ್ನ ಗಂಡ ವಿಶ್ವಾರಾಧ್ಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ಅವರು ಮಾತಾಡುವುದು ಕಡಿಮೆ, ಆಡಿದರೆ ಲೆಕ್ಕ ಬಿಡಿಸಿದ ಹಾಗೆ.

"ನೀ ಆ್ಯಪ್ ಮಾಡ್ತಿ?"

"ಯಾಕ, ಮಾಡಬಾರದೇನ್ರಿ?"

"ಮೊನ್ನೆ ಫೋನಿನ ಟಾರ್ಚು ಬಂದ್ ಮಾಡಾಕ ಬರಲಾರದ ಅದನ್ನ ಗಾದಿ ಕೆಳಗ ಮುಚ್ಚಿಟ್ಟಿದ್ದಿ."

ಮುಚ್ಚಿಟ್ಟಿದ್ದು ನಿಜ. ಆದರೆ ಆ ಮಾತೇ ನನ್ನನ್ನು ಕೆಡಿಸಿತು. ಒಳಗೆ ಹೋಗಿ ಸಪ್ನಾಗೆ ಫೋನು ಮಾಡಿ, "ನಿನ್ನ ಆ್ಯಪು ನಾನೂ ಕೂಡೇ ಮಾಡ್ತೇನಿ, ಆಯ್ತವಾರ ಬಾ," ಅಂದೆ.

ಸಪ್ನಾ ಬಂದಳು. ಲ್ಯಾಪ್‌ಟಾಪು ತೆರೆದಳು. ನಾನು ಹಳೇ ಕ್ಯಾಲೆಂಡರಿನ ಬೆನ್ನಿಗೆ ಚೌಕಗಳನ್ನು ಬರೆದುಕೊಂಡು ಕುಳಿತೆ. ಹೆಸರು ನಾನೇ ಇಟ್ಟೆ: ಉಡಿ. ನಮ್ಮ ಕಡೆ ಮುತ್ತೈದೆಗೆ ಏನೇ ಕೊಟ್ಟರೂ ಕೈಗೆ ಕೊಡುವುದಿಲ್ಲ, ಸೆರಗು ಒಡ್ಡಿಸಿ ಉಡಿಗೆ ಹಾಕುತ್ತೇವೆ.

"ಹೆಸರು ಮಸ್ತ್ ಅದ ಅತ್ತಿ. ಮೊದಲನೇ ಸ್ಕ್ರೀನಿನ್ಯಾಗ ಏನು ಬರಬೇಕು?"

"ಬರ್ರಿ, ಕೂಡ್ರಿ, ನೀರು ಕುಡೀರಿ ಅಂತ ಬರಬೇಕು."

"ಅಲ್ಲತ್ತಿ, ಸೀದಾ ಉಡುಗೊರಿ ತೋರಸ್ಬೇಕು."

"ಸೀದಾ ತೋರಸ್ತಾರೇನು? ನಾವೇನು ಸಂತ್ಯಾಗ ಕೂತೇವೇನು?"

ಸಪ್ನಾ ಬರೆದುಕೊಂಡಳು. "ಇನ್ನ ಉಡುಗೊರಿ ಬಂದವರು ಇದನ್ನ ಒತ್ತಿದ ಕೂಡ್ಲೆ ತೆರೀತದ."

"ಛೀ! ಒಂದೇ ಸಲಕ್ಕ ತಗೊಂಡ್ರ ಮಂದಿ ಏನಂದಾರು? ಮೊದಲು 'ಬ್ಯಾಡ್ರಿ, ಯಾಕ ಸುಮ್ಮ' ಅನ್ನಬೇಕು. ಕೊಟ್ಟವರು 'ಇರಲಿ ತಗೋರಿ' ಅನ್ನಬೇಕು. ಮತ್ತ ಬ್ಯಾಡ್ರಿ, ಮತ್ತ ಇರಲಿ. ಮೂರನೇ ಸಲಕ್ಕ ತೆರೀಬೇಕು."

"ಅಷ್ಟು ಒತ್ತೂದ್ರಾಗ ಮಂದಿ ಆ್ಯಪ್ ಬಿಟ್ಟು ಹೋಗ್ತಾರತ್ತಿ."

"ಹೋಗೂದಿಲ್ಲ. ಹಂಗ ನಡುವ ಎದ್ದು ಹೋದ್ರ ಇಜ್ಜತ್ತು ಹೋಗ್ತದ."

ಇಷ್ಟರವರೆಗೆ ನನ್ನ ಬುದ್ಧಿ ಸರಿಯಾಗೇ ಇತ್ತು. ನಂತರ ಸಪ್ನಾ, ತೋರಿಸಲಿಕ್ಕೆ ಕೆಲವು ಉಡುಗೊರೆಗಳ ಫೋಟೋ ಬೇಕು, ಎಲ್ಲಿಂದ ತರೋದು ಎಂದಳು. ನಾನು ಎದ್ದು ಮಂಚದ ಕೆಳಗಿನ ಟ್ರಂಕನ್ನು ಹೊರಗೆಳೆದೆ.

ಆ ಟ್ರಂಕಿನ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಮನೆಗೆ ಬಂದ ಹೆಣ್ಣುಮಗಳನ್ನು ಬರಿದೇ ಕಳಿಸುವಂತಿಲ್ಲ, ಒಂದು ಖಣ ಕೊಟ್ಟೇ ಕಳಿಸಬೇಕು. ಖಣವೆಂದರೆ ಒಂದು ಕುಬಸಕ್ಕೆ, ಅಂದರೆ ರವಿಕೆಗೆ, ಆಗುವಷ್ಟು ಬಟ್ಟೆ. ಆಗುವಷ್ಟು ಎಂಬುದು ನಂಬಿಕೆ, ಆಗುವುದಿಲ್ಲ. ಆದ್ದರಿಂದ ಅದನ್ನು ಯಾರೂ ಹೊಲಿಸುವುದಿಲ್ಲ. ಟ್ರಂಕಿನಲ್ಲಿಟ್ಟು, ಮುಂದೆ ತನ್ನ ಮನೆಗೆ ಬಂದವಳಿಗೆ ಕೊಡುತ್ತಾರೆ. ಅವಳು ಇನ್ನೊಬ್ಬಳಿಗೆ. ಹೀಗೆ ಖಣಗಳು ಊರೂರು ತಿರುಗುತ್ತವೆ. ಇದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಒಂದೇ ಒಂದು ನಿಯಮವಿದೆ: ಕೊಟ್ಟವಳಿಗೇ ತಿರುಗಿ ಕೊಡಬಾರದು. ಅದಕ್ಕಾಗಿ ನಾನು ಪ್ರತಿ ಖಣದ ಮಡಿಕೆಯಲ್ಲಿ ಕೊಟ್ಟವರ ಹೆಸರಿನ ಚೀಟಿ ಇಡುತ್ತಿದ್ದೆ. ಅಂದು ಎಣಿಸಿದಾಗ ನಲವತ್ತೊಂದು ಖಣಗಳಿದ್ದವು.

ಚೀಟಿ ತೆಗೆದಿಟ್ಟು ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿ ಫೋಟೋ ತೆಗೆದು, ಚೀಟಿಗಳನ್ನು ಮತ್ತೆ ಆಯಾ ಮಡಿಕೆಗೆ ಸೇರಿಸಿದೆವು. ಸಪ್ನಾ ಎರಡು ಮಾತು ಹೇಳಿ ಬಸ್ಸು ಹತ್ತಿದಳು. ಒಂದು: "ಯಾವುದು ಯಾರದು ಅಂತ ನನಗ ಹೇಳತ್ತಿ, ಇಲ್ಲಾಂದ್ರ ಕಲಸಿ ಹೋಗ್ತಾವ." ಇನ್ನೊಂದು: "ಒಂದೊಂದು ಫೋಟೋದ ಕೆಳಗ ಮೈಕಿನ ಗುರ್ತು ಅದ. ಅದನ್ನ ಒತ್ತಿ ಮಾತಾಡು. ಕೊಡೋರ ದನಿ ಉಡುಗೊರಿ ಜೊತಿ ಹೋಗ್ತದ, ಅದೇ ನಮ್ಮ ಆ್ಯಪಿನ ವಿಶೇಷ. ಮನಸ್ಸಿನಿಂದ ಮಾತಾಡು."

ಮರುದಿನ ಬೆಳಿಗ್ಗೆ ರೊಟ್ಟಿ ಮುಗಿಸಿ ಕೂರುವಷ್ಟರಲ್ಲಿ ಈ ಎರಡು ಮಾತುಗಳು ನನ್ನ ತಲೆಯಲ್ಲಿ ಒಂದಾಗಿದ್ದವು. ಮೈಕು ಒತ್ತಬೇಕು, ಯಾವುದು ಯಾರದು ಎಂದು ಸಪ್ನಾಗೆ ಹೇಳಬೇಕು. ಅಷ್ಟೇ ಎಂದುಕೊಂಡು ನಲವತ್ತೊಂದು ಸಲ ಒತ್ತಿ, ನಲವತ್ತೊಂದು ಸಲ ಮಾತಾಡಿದೆ. ಮನಸ್ಸಿನಿಂದಲೇ ಮಾತಾಡಿದೆ. ಅದೇ ಕೆಟ್ಟದ್ದು.

ಫೆಬ್ರುವರಿಯಲ್ಲಿ ಜೇವರ್ಗಿಯಲ್ಲಿ ಗುರುಬಾಯಿ ಸಣ್ಣತ್ತಿಯ ಕಿರಿ ಸೊಸೆಯ ಕುಬಸದ ಕಾರ್ಯ, ಅಂದರೆ ಸೀಮಂತ. ಸಣ್ಣತ್ತಿ ನನ್ನ ಮಾವನ ತಮ್ಮನ ಹೆಂಡತಿ, ನಮ್ಮ ಬಳಗದ ಹೈಕೋರ್ಟು. ಅವಳ ದೊಡ್ಡ ಮಗ ದೇವೀಂದ್ರಪ್ಪ ಪೆಂಡಾಲು ಮತ್ತು ಮೈಕ್‌ಸೆಟ್ಟು ಬಾಡಿಗೆಗೆ ಕೊಡುವವನು. ಅಂದು ಮನೆಯದೇ ಕಾರ್ಯವಾದ್ದರಿಂದ ಆಳೆತ್ತರದ ನಾಲ್ಕು ಪೆಟ್ಟಿಗೆಗಳನ್ನು ನಿಲ್ಲಿಸಿದ್ದ.

ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಹಾಡು ಮುಗಿದಿತ್ತು, ಹೋಳಿಗೆ ಎಲೆಗೆ ಬೀಳುವುದಿತ್ತು. ಆ ನಡುವಿನ ಹೊತ್ತಿನಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಸಪ್ನಾ ಬೆಳಿಗ್ಗೆಯಷ್ಟೇ ಬಳಗದ ವಾಟ್ಸಾಪ್ ಗುಂಪಿಗೆ ಆ್ಯಪು ಕಳಿಸಿದ್ದಳು. ನಾನು ನಮ್ಮ ಓಣಿಯ ಗುಂಪಿಗೂ ದಾಟಿಸಿದ್ದೆ. "ವಿಜಯಶ್ರೀ ಆ್ಯಪ್ ಮಾಡ್ಯಾಳಂತ!" ಎಂದು ಹೆಂಗಸರು ನನ್ನ ಸೀರೆಯ ನೆರಿಗೆ ನೋಡುವುದನ್ನು ಬಿಟ್ಟು ಮುಖ ನೋಡತೊಡಗಿದ್ದರು. ಅಂಥ ನೋಟ ನನಗೆ ಅಭ್ಯಾಸವಿರಲಿಲ್ಲ. ತಲೆಗೇರಿತು.

"ವೈನೀ, ಎಲ್ಲಾರಿಗೂ ತೋರಸೋಣೇನ್ರಿ?" ದೇವೀಂದ್ರಪ್ಪ ಕೇಳಿದ.

"ಬ್ಯಾಡಪ, ಯಾಕ ಸುಮ್ಮ," ಅಂದೆ. ಅವನು ಇರಲಿ ಎಂದ. ನಾನು ಇನ್ನೊಮ್ಮೆ ಬ್ಯಾಡ ಎಂದೆ. ಅವನು ಫೋನನ್ನು ಪೆಟ್ಟಿಗೆಗಳಿಗೆ ಜೋಡಿಸಿದ.

ಸಣ್ಣತ್ತಿಯನ್ನು ಎದುರಿಗೆ ಕೂರಿಸಿ, ಉಡುಗೊರೆ ಅವಳಿಗೇ ಬಂದಿದೆ ಎಂದು ತೋರಿಸಿದರು. 'ಬರ್ರಿ, ಕೂಡ್ರಿ, ನೀರು ಕುಡೀರಿ' ಎಂದು ಬಂದಾಗ ಹೆಂಗಸರು ನಕ್ಕರು. 'ಬ್ಯಾಡ್ರಿ' ಗುಂಡಿ ಕಂಡಾಗ ಸಣ್ಣತ್ತಿ ಸ್ವತಃ ಬೆರಳಿನಿಂದ ಎರಡು ಸಲ ಒತ್ತಿ, "ಆಹಾ, ಎಷ್ಟು ರೀತಿ ತಿಳದ ಹುಡುಗಿ," ಎಂದಳು. ಚಪ್ಪಾಳೆ ಬಿತ್ತು. ನನ್ನ ಗಂಡ ಗಂಡಸರ ಸಾಲಿನಿಂದ ನನ್ನ ಕಡೆ ನೋಡಿದರು. ಇಪ್ಪತ್ತಮೂರು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಪುಣ್ಯಕ್ಕೆ ಒಂದು ನಿಮಿಷವಾದರೂ ನೋಡಿದರು.

ದೇವೀಂದ್ರಪ್ಪ ನಡುವಿನಿಂದ ಆರಿಸಿದ ಕೆಂಪು ಖಣವೊಂದು ತೆರೆಯಿತು. ನಾಲ್ಕೂ ಪೆಟ್ಟಿಗೆಗಳಿಂದ ನನ್ನ ದನಿ ಬಂತು.

"ಸಪ್ನಾ, ಇದು ಗುರುಬಾಯಿ ಸಣ್ಣತ್ತಿ ಕೊಟ್ಟಿದ್ದು. ನೀರು ಕಂಡ್ರ ಬಣ್ಣ ಬಿಡ್ತದ, ಕೈಗೆಲ್ಲ ಹತ್ತತದ. ಜಲ್ದಿ ಯಾರಿಗರೆ ದಾಟಿಸಬೇಕು."

ಕೆಲವರು ಇದು ತಮಾಷೆಯ ಭಾಗವೆಂದು ನಕ್ಕರು. ಸಣ್ಣತ್ತಿ ನಗಲಿಲ್ಲ.

ಒಂದು ಮುಗಿದರೆ ಮುಂದಿನದು ತಾನೇ ಶುರುವಾಗುವಂತೆ ಸಪ್ನಾ ಮಾಡಿದ್ದಳು. ಓದಿದ ಹುಡುಗಿಯರು ಇಂಥ ಅನುಕೂಲಗಳನ್ನು ಮಾಡಿಡುತ್ತಾರೆ.

"ಇದು ಯಡ್ರಾಮಿ ಲಗ್ನದಾಗ ಬಂದಿದ್ದು. ಅಳತಿ ಎಷ್ಟು ಕಡಿಮಿ ಅಂದ್ರ ಗೊಂಬಿಗೂ ಆಗೂದಿಲ್ಲ. ಯಾರಿಗರೆ ದಪ್ಪ ಇದ್ದವರಿಗಿ ಕೊಡಬೇಕು, ಹೆಂಗೂ ಹೊಲಿಸೂದಿಲ್ಲ."

ಯಡ್ರಾಮಿಯವರು ಎರಡನೇ ಸಾಲಿನಲ್ಲಿದ್ದರು. ಹಿಂದಿನ ವರ್ಷ ನನ್ನಿಂದ ಖಣ ತೆಗೆದುಕೊಂಡ ದಪ್ಪನೆಯವರು ಮೂರನೇ ಸಾಲಿನಲ್ಲಿದ್ದರು.

"ಬಂದ್ ಮಾಡೋ ದೇವೀಂದ್ರಾ!" ಎಂದು ಕೂಗಿದೆ.

"ಎಲ್ಲಿ ಒತ್ತಬೇಕ್ರಿ ವೈನಿ? ಬ್ಯಾಡ್ರಿ ಒತ್ತಿದ್ರ ಇರಲಿ ತಗೋರಿ ಅನ್ನಾಕತ್ತದ!"

"ಇದು ದ್ರೌಪದಿದು," ಎಂದಿತು ಪೆಟ್ಟಿಗೆ. "ನಾನೇ ಆಕಿಗಿ ಕೊಟ್ಟಿದ್ದೆ. ಎರಡು ವರ್ಷ ಆದ ಮ್ಯಾಲ ನನಗೇ ತಿರುಗಿ ಕೊಟ್ಟಾಳ. ನಾ ಹಾಕಿದ ಮಡಿಕಿ ಸೈತ ಹಂಗೇ ಅದ, ಬಿಚ್ಚಿ ಸೈತ ನೋಡಿಲ್ಲ."

ನಾನು ಓಡಿಹೋಗಿ ಕೈಗೆ ಸಿಕ್ಕ ವೈರು ಎಳೆದೆ. ಫ್ಯಾನುಗಳು ನಿಂತವು. ಫ್ಯಾನಿನ ಸದ್ದು ಹೋದದ್ದರಿಂದ ನನ್ನ ದನಿ ಇನ್ನೂ ಸ್ವಚ್ಛವಾಗಿ ಕೇಳತೊಡಗಿತು. ಆಗ ಬಂದದ್ದು ಇದು:

"ಇದು ಯಾರದೋ, ಚೀಟಿ ಎಲ್ಲೋ ಬಿದ್ದು ಹೋಗೇದ. ಮಾಸಿ ಪಾಚಿ ಬಣ್ಣ ಆಗೇದ. ಮೂಲ್ಯಾಗ ಯಾರೋ ಕೆಂಪು ದಾರದಲೆ ಎರಡು ಹೊಲಿಗಿ ಹಾಕ್ಯಾರ, ತಿಳಿಗೇಡಿಗಳು. ದಿಂಬಿಗಿ ಹಾಕಾಕೂ ಬರೂದಿಲ್ಲ. ಸುಮ್ಮ ಸಂಖ್ಯೆ ತುಂಬಲಿ ಅಂತ ಇಟ್ಟೇನಿ."

ಮಲ್ಕಮ್ಮ ಬಸುರಿಯ ಪಕ್ಕದಲ್ಲಿ ಕುಳಿತು ಬಳೆ ಏರಿಸುತ್ತಿದ್ದವಳು ಎದ್ದಳು. ದೇವೀಂದ್ರಪ್ಪನ ಕೈಯಿಂದ ಫೋನು ತೆಗೆದುಕೊಂಡಳು. ಎರಡು ಬೆರಳಿನಿಂದ ಫೋಟೋವನ್ನು ದೊಡ್ಡದು ಮಾಡಿ, ಮೂಲೆಯ ಕೆಂಪು ದಾರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಫೋನನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು, ಉಣ್ಣದೆ, ಯಾರಿಗೂ ಹೇಳದೆ ತನ್ನೂರು ಅಫಜಲಪುರದ ಬಸ್ಸಿಗೆ ಹೊರಟುಹೋದಳು. ಹಿಂದೆಯೇ ಸಪ್ನಾ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಆ ಹುಡುಗಿ ನಲವತ್ತೊಂದರಲ್ಲಿ ಮೊದಲನೆಯದನ್ನು ಮಾತ್ರ ಕೇಳಿ ನೋಡಿದ್ದಳಂತೆ. ಅದರಲ್ಲಿ ನಾನು, "ಹಲೋ, ಸಪ್ನಾ, ಉಂಡಿಯೇನವ್ವ?" ಎಂದಷ್ಟೇ ಅಂದಿದ್ದೆ.

ಆಗ ನನಗೆ ನೆನಪಾಯಿತು. ಅಲ್ಲಿಯವರೆಗೆ ನೆನಪಾಗಿರಲಿಲ್ಲ. ಅದನ್ನು ಹೇಗೆ ಬರೆಯಲಿ? ಇಪ್ಪತ್ತೆರಡು ವರ್ಷದ ಹಿಂದೆ, ನನ್ನದೇ ಕುಬಸದ ದಿನ, ಮಲ್ಕಮ್ಮ ನನ್ನ ಉಡಿಯಲ್ಲಿ ಒಂದು ಹಸಿರು ಖಣ ಇಟ್ಟಿದ್ದಳು. "ಇದು ಅವ್ವಂದು, ಹೊಲಿಸಿ ಹಾಕ್ಕೊ," ಎಂದಿದ್ದಳು. ನನ್ನ ಅತ್ತೆ ನಾನು ಆ ಮನೆಗೆ ಬರುವ ಮೊದಲೇ ತೀರಿದ್ದರು, ಅವರನ್ನು ನಾನು ನೋಡಿದ್ದು ಗೋಡೆಯ ಫೋಟೋದಲ್ಲಿ. ಅವರು ತಮ್ಮ ಪ್ರತಿ ಬಟ್ಟೆಯ ಮೂಲೆಗೂ, ಒಗೆಯುವಾಗ ಕಲಸಿಹೋಗದಿರಲೆಂದು, ಕೆಂಪು ದಾರದ ಗುರುತು ಹಾಕುತ್ತಿದ್ದರು. ನಾನು "ಹೂಂ ಅಕ್ಕ" ಎಂದು ಟ್ರಂಕಿಗೆ ಹಾಕಿದೆ. ಮುಂದೆ ಯಾವುದೋ ಗಡಿಬಿಡಿಯಲ್ಲಿ, ಕೈಗೆ ಸಿಕ್ಕಿತೆಂದು, ನಿಂಬರ್ಗಾದ ತೊಟ್ಟಿಲು ಕಾರ್ಯಕ್ಕೆ ಒಯ್ದು ಕೊಟ್ಟಿದ್ದೆ.

ಮುಂದಿನ ವಾರ ಬಳಗದ ಗುಂಪಿನಲ್ಲಿ ತನಿಖೆ ನಡೆಯಿತು. ಆ ಕೆಂಪು ದಾರ ನನಗೂ ನೆನಪಿದೆ, ನನಗೂ ನೆನಪಿದೆ ಎಂದು ಒಬ್ಬೊಬ್ಬರೇ ಒಪ್ಪಿಕೊಂಡರು. ನಾನಂತೂ ಮುಳುಗಿದ್ದೇನೆ, ಇನ್ನು ಮುಚ್ಚಿಟ್ಟು ಏನು ಫಲ ಎಂದು ಅವರಿಗೂ ಅನಿಸಿರಬೇಕು. ನನ್ನಿಂದ ನಿಂಬರ್ಗಾ, ನಿಂಬರ್ಗಾದಿಂದ ಜೇವರ್ಗಿಯಲ್ಲಿ ಸಾಕ್ಷಾತ್ ಸಣ್ಣತ್ತಿ, ಅಲ್ಲಿಂದ ಯಡ್ರಾಮಿ, ಯಡ್ರಾಮಿಯಿಂದ ಮಾದನಹಿಪ್ಪರಗಾ. ಮಾದನಹಿಪ್ಪರಗಾ ದ್ರೌಪದಿಯ ತವರು. ಕಳೆದ ಶ್ರಾವಣದಲ್ಲಿ ದ್ರೌಪದಿ ಅದನ್ನು ನನ್ನ ಉಡಿಗೆ ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ಖಣ ಮೂರು ತಾಲೂಕು ಸುತ್ತಿ ಮನೆಗೆ ಬಂದಿತ್ತು, ಯಾರೂ ಸೂಜಿ ಮುಟ್ಟಿಸಿರಲಿಲ್ಲ. ನಾನು ಅದನ್ನು ಎರಡು ಸಲ ಕೈಯಲ್ಲಿ ಹಿಡಿದಿದ್ದೆ, ಎರಡು ಸಲವೂ ಗುರುತಿಸಿರಲಿಲ್ಲ.

ಓಣಿಯ ಗುಂಪಿನಲ್ಲಿ ನನ್ನ ದನಿ ಕೇಳಿದ್ದ ದ್ರೌಪದಿ ತಟ್ಟೆಯಲ್ಲಿ ಏಳು ಖಣ ಇಟ್ಟುಕೊಂಡು ಬಂದಳು.

"ತಗೋ ಬೇ. ನೀ ಇಲ್ಲೀತನಾ ಕೊಟ್ಟಿದ್ದು. ಬಿಚ್ಚಿ ನೋಡೇನಿ. ಮಡಿಕಿ ಬ್ಯಾರೆ ಹಾಕೇನಿ."

ಅವಳ ಸೊಸೆ ಕಟ್ಟೆಯಿಂದ, "ಆಂಟಿ, ನಿಮ್ಮ ಆ್ಯಪ್ ಭಾಳ ಮಂದಿ ನೋಡ್ಯಾರ್ರಿ. ನನ್ನ ಕೇಕಿಗಿ ಇಷ್ಟು ಮಂದಿ ಇಲ್ಲ," ಎಂದಳು. ಹೊಟ್ಟೆಕಿಚ್ಚಿನಿಂದಲೇ ಅಂದಳು, ಪಾಪ.

ಎಂಟನೇ ದಿನ ನನ್ನ ಗಂಡ ಗೋಡೆಯ ಮೇಲಿನ ತಾಯಿಯ ಫೋಟೋದ ಧೂಳು ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದರು: "ಅಕ್ಕ ಫೋನ್ ಎತ್ತವಲ್ಲಳು. ಅವ್ವ ಹೋದ ಮ್ಯಾಲ ನನಗ ರೊಟ್ಟಿ ಬಡಿದು ಹಾಕಿದಾಕಿ ಆಕಿ."

ಮರುದಿನ ಬೆಳಿಗ್ಗೆ ನಾನು ಅಫಜಲಪುರದ ಬಸ್ಸು ಹತ್ತಿದೆ. ಚೀಲದಲ್ಲಿ ಎರಡು ಖಣ: ಅತ್ತೆಯ ಹಸಿರು, ಸಣ್ಣತ್ತಿಯ ಕೆಂಪು. ಅಲ್ಲಿ ಮುಗಿಸಿ ಜೇವರ್ಗಿಗೆ ಹೋಗಿ ಸಣ್ಣತ್ತಿಯ ಕಾಲು ಹಿಡಿಯುವುದು ಯೋಜನೆ. ಬಸ್ಸಿನಲ್ಲಿ ಮಲ್ಕಮ್ಮನಿಗೆ ಹೇಳಬೇಕಾದ್ದನ್ನು ಅಭ್ಯಾಸ ಮಾಡಿದೆ. ಮನಸ್ಸಿನಲ್ಲೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಪಕ್ಕದಲ್ಲಿದ್ದ ಮುದುಕಿ ನನ್ನ ಮೊಣಕಾಲು ಮುಟ್ಟಿ, "ಯಾರಿಗಿ ಏನು ಮಾಡಿದಿಯವ್ವ ಅಂಥಾದ್ದು? ಬಿಡು, ಅಷ್ಟು ಅಂಗಲಾಚಿದ್ರ ದೇವ್ರೂ ಬಿಡ್ತಾನ," ಎಂದಳು.

ಮಲ್ಕಮ್ಮ ಒಲೆಯ ಮುಂದಿದ್ದಳು. ನನ್ನನ್ನು ನೋಡಿ ಬಾ ಅನ್ನಲಿಲ್ಲ, "ಕೂಡು," ಎಂದಳು. ರೊಟ್ಟಿ ಬಡಿಯುವ ಸದ್ದು ಅವಳ ಕೈಯಲ್ಲಿ ಹಿಂದೆಂದೂ ಅಷ್ಟು ಜೋರಾಗಿ ಕೇಳಿರಲಿಲ್ಲ. ಬಸ್ಸಿನಲ್ಲಿ ಕಲಿತದ್ದನ್ನೆಲ್ಲ ಬಿಟ್ಟೆ. ಹಸಿರು ಖಣವನ್ನು ಎರಡೂ ಕೈಯಿಂದ ಮುಂದೆ ಹಿಡಿದೆ.

"ತಗೋ ಅಕ್ಕಾ."

"ಬ್ಯಾಡ."

"ನಿನ್ನದೇ ಅದ, ಇರಲಿ ತಗೋ."

"ಬ್ಯಾಡ."

ಇಲ್ಲಿಯವರೆಗೆ ಎಲ್ಲವೂ ರೀತಿಯ ಪ್ರಕಾರವೇ ಇತ್ತು. ನನಗೆ ಸ್ವಲ್ಪ ಧೈರ್ಯ ಬಂತು.

"ತಗೋ ಅಕ್ಕಾ, ನಿನ್ನ ಕಾಲಿಗಿ ಬೀಳ್ತೇನಿ."

"ಬ್ಯಾಡ ಅಂದೆನಿಲ್ಲ?"

ಮೂರನೆಯ ಬ್ಯಾಡಕ್ಕೆ ನಮ್ಮಲ್ಲಿ ರೀತಿ ಇಲ್ಲ. ಅದಕ್ಕೆ ನಾನು ಗುಂಡಿಯನ್ನೂ ಇಟ್ಟಿರಲಿಲ್ಲ. ಖಣ ಹಿಡಿದ ಕೈ ಹಾಗೇ ನಿಂತಿತು, ಹಿಂದೆ ತೆಗೆಯಲೂ ಬರಲಿಲ್ಲ.

ಅವಳು ರೊಟ್ಟಿ ತಿರುವಿ ಹಾಕಿದಳು. "ಅವ್ವ ಇದನ್ನ ತನ್ನ ಸಲುವಾಗಿ ತಗೊಂಡಿದ್ಲು. ಗುರ್ತು ಹಾಕಿದ್ಲು, ಹೊಲಿಸೂದ್ರಾಗ ಹೋದ್ಲು. ನಾ ಹೊಲಿಸಬೇಕಂದೆ, ಕತ್ತರಿ ಹಾಕಾಕ ಜೀವ ಬರಲಿಲ್ಲ. ನಿನಗ ಕೊಟ್ಟೆ. ಆ ಮನ್ಯಾಗ ಒಬ್ಬಾಕಿಯರೆ ಮೈಮ್ಯಾಲ ಹಾಕ್ಕೊಳ್ಳಲಿ, ನಾ ಬಂದಾಗ ಕಣ್ಣಿಲೆ ನೋಡ್ತೇನಿ ಅಂತ. ಪ್ರತಿ ಸಲ ನಿಮ್ಮ ಮನಿಗಿ ಬಂದಾಗ ನೋಡಿದೆ. ಇವತ್ತು ಹಾಕ್ಕೊಂಡಿಲ್ಲ, ಮುಂದಿನ ಸಲ ಹಾಕ್ಕೊಂಡಿರ್ತಾಳ, ಅಂತ." ಕೈ ಒರೆಸಿಕೊಂಡು ಎದ್ದಳು. "ಈಗ ತಿರುಗಿ ನನಗ ಕೊಡಾಕ ಬಂದಿ. ನಡಿ."

"ಎಲ್ಲಿಗಿ?"

"ನಡಿ ಅಂದೆನಲ್ಲ."

ಪಕ್ಕದ ಓಣಿಯಲ್ಲಿ ಖುರ್ಷಿದಬೇಗಂ ಅವರ ಹೊಲಿಗೆ ಮನೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ಅವರು ಖಣವನ್ನು ಬೆಳಕಿಗೆ ಹಿಡಿದರು. ನನ್ನ ಸುತ್ತ ಟೇಪು ಹಾಕಿದರು. ಟೇಪು ತೆಗೆದು ಮತ್ತೊಮ್ಮೆ ಹಾಕಿದರು.

"ಕಪಡಾ ಭಾಳ ಛಲೋ ಅದಾರಿ. ಎದಿ ಆಗ್ತದ, ಬೆನ್ನು ಆಗ್ತದ. ತೋಳು ಆಗೂದಿಲ್ಲ. ಇಪ್ಪತ್ತು ವರ್ಷದ ಹಿಂದ ಬಂದಿದ್ರ ತೋಳೂ ಆಗ್ತಿತ್ತು, ಒಂದು ಕರ್ಚೀಫೂ ಆಗ್ತಿತ್ತು."

ಮಲ್ಕಮ್ಮ ಬಾಗಿಲ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗಿದ್ದು ಅಳುವಿಗೋ ನಗುವಿಗೋ ನನಗೆ ತಿಳಿಯಲಿಲ್ಲ. ತಿರುಗಿದಾಗ ಅವಳ ಕಣ್ಣು ನನ್ನ ಚೀಲದ ಮೇಲಿತ್ತು.

"ಆ ಕೆಂಪುದು ಏನದು?"

"ಸಣ್ಣತ್ತಿದು."

"ತೋಳಿಗಿ ಅದೇ ಹಾಕ್ರಿ ಬೇಗಂ."

"ಅಕ್ಕಾ, ಅದು ಬಣ್ಣ..." ಎಂದು ನಿಲ್ಲಿಸಿದೆ.

"ಏನು ಬಣ್ಣ?"

"ಏನಿಲ್ಲಕ್ಕ. ಬಣ್ಣ ಛಲೋ ಅದ ಅಂದೆ."

ಖುರ್ಷಿದಬೇಗಂ ಕತ್ತರಿ ಎತ್ತಿದರು. "ಹಾಕ್ಲೇನ್ರಿ? ಒಮ್ಮೆ ಹಾಕಿದ್ರ ಹೋತು, ಇನ್ನ ಯಾರಿಗೂ ಕೊಡಾಕ ಬರೂದಿಲ್ಲ."

"ಹಾಕ್ರಿ," ಎಂದಳು ಮಲ್ಕಮ್ಮ. ಕತ್ತರಿಯ ಮೊದಲ ಸದ್ದಿಗೆ ನನ್ನ ಕೈ ಹಿಡಿದುಕೊಂಡಳು. ರೊಟ್ಟಿಯ ಹಿಟ್ಟು ಇನ್ನೂ ಅವಳ ಉಗುರಿನಲ್ಲಿತ್ತು. ಮೂಲೆಯ ಕೆಂಪು ದಾರವನ್ನು ಒಳಗೆ ಮಡಚದೆ, ಎಡಭುಜದ ಮೇಲೆ ಕಾಣುವ ಹಾಗೆ ಬಿಡಬೇಕೆಂದು ತಾನೇ ಬೆರಳಿಟ್ಟು ತೋರಿಸಿದಳು.

ಕೆಂಪು ಖಣಕ್ಕೆ ಕತ್ತರಿ ಬಿದ್ದಿದ್ದರಿಂದ ಸಣ್ಣತ್ತಿಗೆ ಒಯ್ಯಲು ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಅಂದು ಜೇವರ್ಗಿಗೆ ಹೋಗುವ ಧೈರ್ಯವಾಗಲಿಲ್ಲ.

ಆದರೆ ಮೇ ತಿಂಗಳಲ್ಲಿ ಹೋಗಲೇಬೇಕಾಯಿತು. ಮಗುವಿನ ತೊಟ್ಟಿಲು. ಅದೇ ಪೆಂಡಾಲು, ಅದೇ ನಾಲ್ಕು ಪೆಟ್ಟಿಗೆ, ಅದೇ ಸಾಲುಗಳು. ನಾನು ಒಳಗೆ ಕಾಲಿಟ್ಟಾಗ ದೇವೀಂದ್ರಪ್ಪ ಪೆಟ್ಟಿಗೆಯ ವೈರನ್ನು ತಾನಾಗೇ ತೆಗೆದು ಜೇಬಿಗೆ ಹಾಕಿಕೊಂಡ. ನನ್ನ ಮೈಮೇಲೆ ಹಸಿರು ಒಡಲು, ಕೆಂಪು ತೋಳು. ಹಣ್ಣುಬಿಟ್ಟ ಮೆಣಸಿನ ಗಿಡದ ಹಾಗೆ ಕಾಣುತ್ತೇನೆಂದು ನನಗೆ ಗೊತ್ತಿತ್ತು. ಮಲ್ಕಮ್ಮ 'ಬ್ಯಾರೆ ಕುಬಸ ಹಾಕ್ಕೊಂಡು ಬಂದ್ರ ನೋಡು ಮತ್ತ' ಎಂದು ಫೋನಿನಲ್ಲಿ ಹೇಳಿದ್ದಳು. ಅವಳು ಎದುರಿನ ಸಾಲಿನಲ್ಲಿ ಕುಳಿತು ನನ್ನ ಎಡಭುಜವನ್ನೇ ನೋಡುತ್ತಿದ್ದಳು, ಉಣ್ಣುವುದನ್ನೂ ಮರೆತು.

ಜೇವರ್ಗಿಯ ಮೇ ತಿಂಗಳು ಬೆವರಿಸದೆ ಯಾರನ್ನೂ ಬಿಡುವುದಿಲ್ಲ. ಮೊದಲು ಮೊಣಕೈ ಕೆಂಪಾಯಿತು. ಸೆರಗು ಹೊದ್ದೆ, ಸೆರಗೂ ಕೆಂಪಾಯಿತು. ಅಷ್ಟರಲ್ಲಿ ಬಾಣಂತಿ ಏನೂ ಅರಿಯದೆ ಮಗುವನ್ನು ತಂದು ನನ್ನ ಕೈಗೆ ಕೊಟ್ಟಳು. ತಿರುಗಿ ಕೊಡುವಷ್ಟರಲ್ಲಿ ಮಗುವಿನ ಬಿಳಿ ಅಂಗಿ, ಕೆನ್ನೆ, ಒಂದು ಕಿವಿ ಎಲ್ಲವೂ ಸಣ್ಣತ್ತಿಯ ಖಣದ ಬಣ್ಣವಾಗಿದ್ದವು.

ಈ ಸಲ ಹೇಳಲು ಪೆಟ್ಟಿಗೆ ಬೇಕಾಗಲಿಲ್ಲ.

ಸಣ್ಣತ್ತಿ ಕೋಲೂರಿಕೊಂಡು ಬಂದಳು. ನನ್ನ ತೋಳನ್ನು ಬೆರಳಿನಿಂದ ಒರೆಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಇಡೀ ಬಳಗ ಆ ಬೆರಳನ್ನು ನೋಡಿತು.

"ಖರೇನೇ ಬಿಡ್ತದಲ್ಲ ಬೇ," ಎಂದಳು.

ನಾನು ಕೈ ಮುಗಿದೆ. ಮುಗಿದ ಕೈಯೂ ಕೆಂಪಾಗಿತ್ತು. "ತಪ್ಪಾತ್ರಿ ಅತ್ತಿ," ಎಂದೆ.

"ಆ ಅಂಗಡ್ಯಾಂವಗ ನಾ ಅವತ್ತೇ ಅಂದಿದ್ದೆ, ಇದು ಬಣ್ಣ ಬಿಡ್ತದ ಅಂತ," ಎಂದಳು ಸಣ್ಣತ್ತಿ. ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನಾನು ಕೈ ಮುಗಿದುಕೊಂಡೇ ನಿಂತಿದ್ದೆ, ಇಳಿಸಬಹುದೆಂದು ಯಾರೂ ಹೇಳಲಿಲ್ಲ. ಬಂದವಳ ಕೈಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಮೇಲೊಂದು ಹೊಸ ನೀಲಿ ಖಣ.

"ಉಡಿ ಒಡ್ಡು."

"ಬ್ಯಾಡ್ರಿ ಅತ್ತಿ," ಅಂದೆ.

"ಇರಲಿ, ತಗೋ."

ಎರಡನೆಯ ಬ್ಯಾಡ್ರಿ ಅನ್ನಬೇಕಾಗಿತ್ತು. ಜನ್ಮದಲ್ಲಿ ಮೊದಲ ಸಲ ಒಂದೇ ಬ್ಯಾಡ್ರಿಗೆ ಸೆರಗು ಒಡ್ಡಿದೆ.

ಬಸ್ಸಿನಲ್ಲಿ ಕುಳಿತು ಆ ಖಣ ಬಿಚ್ಚಿದೆ. ನಡುಮಧ್ಯಕ್ಕೆ ಕತ್ತರಿ ಆಡಿಸಿ ಕುಬಸದ ಕುತ್ತಿಗೆ ಕತ್ತರಿಸಿದ್ದರು. ಯಾರಿಗೂ ದಾಟಿಸಲಾಗದ ಹಾಗೆ, ಅಗಲವಾಗಿ, ಅಂಕುಡೊಂಕಾಗಿ. ಎಪ್ಪತ್ತೆರಡು ವರ್ಷದ ಕೈ, ಒಳಗೆ ಅಷ್ಟು ಹೊತ್ತು ಮಾಡಿದ್ದು ಅದನ್ನೇ. ಮಡಿಕೆಯಲ್ಲಿ ಒಂದು ಚೀಟಿಯೂ ಇತ್ತು. ಮೊಮ್ಮಗಳ ಕೈಯಿಂದ ಬರೆಸಿದ್ದಿರಬೇಕು: 'ವಿಜಯಶ್ರೀದು.'

ನನ್ನ ಗಂಡ ಪಕ್ಕದಿಂದ ಬಗ್ಗಿ ನೋಡಿ, ಕಿಟಕಿಯ ಕಡೆ ಮುಖ ಮಾಡಿ, "ಸಪ್ನಾನ ಆ್ಯಪಿಗಿಂತ ಇದು ಛಲೋ ಅದ," ಎಂದರು.

ಸಪ್ನಾಳ ಆ್ಯಪು ಪಾಸಾಯಿತು. ಅವಳ ಮೇಷ್ಟರಿಗೆ 'ಬ್ಯಾಡ್ರಿ' ಗುಂಡಿ ಬಹಳ ಹಿಡಿಸಿತಂತೆ. ನನ್ನ ದನಿಗಳನ್ನೆಲ್ಲ ಅಳಿಸಿದ್ದೇನೆ ಎಂದು ಹೇಳುತ್ತಾಳೆ, ಆದರೆ ಬಳಗದಲ್ಲಿ ಕನಿಷ್ಠ ಐದು ಮಂದಿ ಅವನ್ನು ಇಟ್ಟುಕೊಂಡಿದ್ದಾರೆ, ಮದುವೆ ಮನೆಗಳಲ್ಲಿ ಬೇಸರವಾದಾಗ ಹಚ್ಚುತ್ತಾರೆ. ಟ್ರಂಕಿನಲ್ಲಿ ಉಳಿದ ಖಣಗಳನ್ನು ಒಂದೊಂದಾಗಿ ಹೊಲಿಸುತ್ತಿದ್ದೇನೆ, ಎರಡು ಖಣಕ್ಕೆ ಒಂದು ಕುಬಸದ ಹಾಗೆ. ಓಣಿಯಲ್ಲಿ ನನ್ನ ಎರಡು ಬಣ್ಣ ಕಂಡವರು ಇವತ್ತು ಯಾರ್ಯಾರದು ಎಂದು ಕೇಳುತ್ತಾರೆ, ನಾನು ತಲೆ ತಗ್ಗಿಸಿ ಹೇಳುತ್ತೇನೆ.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನಲ್ಲಿ ನಾನು ಯಾರ ಮನೆಗೆ ಹೋದರೂ ಖಣವಿಲ್ಲದೆ ಕಳಿಸುವುದಿಲ್ಲ. ಆದರೆ ಹೊರಡುವ ಮೊದಲು ಒಳಗಿನ ಕೋಣೆಯಿಂದ ಕತ್ತರಿಯ ಸದ್ದು ಕೇಳುತ್ತದೆ. ಉಳಿದವರ ಉಡಿಗೆ ಇಡೀ ಖಣ ಬೀಳುತ್ತದೆ. ನನ್ನ ಉಡಿಗೆ ಬೀಳುವವು ಮಾತ್ರ ಕುತ್ತಿಗೆ ಕತ್ತರಿಸಿಕೊಂಡೇ ಬರುತ್ತವೆ.